ತೋಮನ ಊರಿನಲ್ಲಿ ಪ್ರಶ್ನೆ ಕೇಳಬಾರದೇ?

ಚೆನ್ನೈನ ಆದಂಬಾಕ್ಕಂನಲ್ಲಿ ನಮ್ಮ ಮನೆ. ತಾರಸಿ ಹತ್ತಿದರೆ ಎದುರಿಗೇ ಪರಂಗಿಮಲೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ಸೇಂಟ್ ಥಾಮಸ್ ಮೌಂಟ್. ಹಾಸನದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲಿ ನೆಲೆಸಿ ಹದಿನೇಳು ವರ್ಷವಾಯಿತು. ಊರಿನಿಂದ ಯಾರೇ ಬಂದರೂ ಅವರನ್ನು ಮರೀನಾ ಬೀಚಿಗೆ, ಟಿ. ನಗರದ ಸೀರೆ ಅಂಗಡಿಗಳಿಗೆ ಕರೆದುಕೊಂಡು ಹೋಗುವುದು ನಮ್ಮಂಥ ಹೊರನಾಡ ಕನ್ನಡಿಗರ ಕಡ್ಡಾಯ ಸೇವೆ. ನಾವು ಕ್ರೈಸ್ತರಾದ್ದರಿಂದ ನನ್ನ ಪಟ್ಟಿಯಲ್ಲಿ ಇನ್ನೂ ಮೂರು ಜಾಗ ಹೆಚ್ಚು: ಚಿನ್ನಮಲೆ, ಪರಂಗಿಮಲೆ ಮತ್ತು ಸಾಂತೋಮ್.

ಕಳೆದ ಡಿಸೆಂಬರಿನಲ್ಲಿ ಬಂದವರು ನೆಂಟರಲ್ಲ, ಊರಿನ ಚರ್ಚಿನ ವಿದ್ಯಾರ್ಥಿ ತಂಡ. ಪಿಯುಸಿ, ಡಿಗ್ರಿ ಓದುವ ಇಪ್ಪತ್ತಾರು ಹುಡುಗ ಹುಡುಗಿಯರು, ಜೊತೆಗೊಬ್ಬ ಮೇಷ್ಟ್ರು. ಬೈಬಲಿಗೆ ಸಂಬಂಧಪಟ್ಟ ಜಾಗಗಳನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಜೆರುಸಲೇಮಿಗೆ ಹೋಗಬೇಕೆಂದರೆ ತಲೆಗೆ ಲಕ್ಷ ರೂಪಾಯಿ ದಾಟುತ್ತದೆ. ತಮಿಳುನಾಡಿನಲ್ಲಿ ಆ ಯಾತ್ರೆಗೆ ಸರ್ಕಾರದ ಸಹಾಯಧನವಿದೆ. ಮೊದಲು 20 ಸಾವಿರ ಇದ್ದದ್ದು ಆಮೇಲೆ 37 ಸಾವಿರ ರೂಪಾಯಿಗೆ ಏರಿತು. ಅಷ್ಟು ಸಿಕ್ಕರೂ ಕಾಫಿ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳಿಗೆ ಅದು ಎಟುಕುವ ಮಾತಲ್ಲ. ಅದರ ಮೇಲೆ 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು. "ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರು ನಮ್ಮ ಪಕ್ಕದ ರಾಜ್ಯದಲ್ಲೇ ಇದ್ದಾರಲ್ಲ, ಅಲ್ಲಿಗೇ ಬರ್ತೀವಿ ಬಿಡಿ" ಎಂದು ಮೇಷ್ಟ್ರು ಫೋನ್ ಮಾಡಿದರು. ಊಟ, ವಸತಿ, ವ್ಯಾನು ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸಂತೋಷದಿಂದಲೇ ಒಪ್ಪಿಕೊಂಡೆ.

ಬೆಳಿಗ್ಗೆ ಚಿನ್ನಮಲೆಯ ಗುಹೆ ನೋಡಿಕೊಂಡು, ಹತ್ತು ಗಂಟೆಯ ಹೊತ್ತಿಗೆ ಪರಂಗಿಮಲೆಯ ಮೆಟ್ಟಿಲು ಹತ್ತಿದೆವು. ಮೇಲಿನ ಚರ್ಚನ್ನು ಪೋರ್ಚುಗೀಸರು 1523ರಲ್ಲಿ ಕಟ್ಟಿಸಿದರು. ಅಲ್ಲಿ ಪೂಜಾಪೀಠದ ಹಿಂದೆ ಒಂದು ಕಲ್ಲಿನ ಶಿಲುಬೆ ಇದೆ. 1547ರಲ್ಲಿ ನೆಲ ಅಗೆಯುವಾಗ ಸಿಕ್ಕಿದ್ದು. 1558ರಿಂದ 1704ರವರೆಗೆ ಹಲವು ಸಲ ಅದರಿಂದ ರಕ್ತ ಒಸರಿತೆಂದು ಹೇಳಿಕೆ. ಸಂತ ತೋಮನೇ ತನ್ನ ಕೈಯಾರೆ ಕೆತ್ತಿದ ಶಿಲುಬೆ ಅದು ಎಂದೂ ಭಕ್ತರು ನಂಬುತ್ತಾರೆ. ಮೇಷ್ಟ್ರು ಇದನ್ನೆಲ್ಲ ವಿವರಿಸುತ್ತಿದ್ದಾಗ ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸರ್, ಶಿಲುಬೆಯ ಸುತ್ತ ಇರೋದು ಪರ್ಷಿಯಾದ ಹಳೇ ಲಿಪಿ ಅಂತೆ. ತೋಮ ಕೆತ್ತಿದ್ದಾದರೆ ಅದು ಹೇಗೆ ಬಂತು?"

ಮೇಷ್ಟ್ರ ಮುಖ ಗಂಟಿಕ್ಕಿತು. "ಯಾತ್ರೆಗೆ ಬಂದಿದ್ದೀಯೋ, ವಾದ ಮಾಡೋಕೆ ಬಂದಿದ್ದೀಯೋ? ನಂಬದ ತೋಮನ ಥರ ಆಡಬೇಡ, ಸುಮ್ಮನೆ ಪ್ರಾರ್ಥನೆ ಮಾಡು."

ಮಕ್ಕಳೆಲ್ಲ ನಕ್ಕರು. ಆ ಹುಡುಗಿ ತಲೆ ತಗ್ಗಿಸಿದಳು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮೆಟ್ಟಿಲಿಳಿದು ಅರ್ಧ ದಾರಿಗೆ ಬಂದ ಮೇಲೆ ನನಗೆ ಹೊಳೆಯಿತು: ತೋಮನ ಬೆಟ್ಟದ ಮೇಲೆ ನಿಂತು, ತೋಮನ ಹಾಗೆ ಇರಬೇಡ ಎಂದು ಒಂದು ಮಗುವಿಗೆ ಬೈದು ಬಂದಿದ್ದೇವೆ!

ಈ ತೋಮ ಯಾರು ಎಂದು ಎಲ್ಲ ಓದುಗರಿಗೂ ಗೊತ್ತಿರಲಾರದು. ಯೊವಾನ್ನನ ಶುಭಸಂದೇಶದಲ್ಲಿ ಆತ ಬಾಯಿ ಬಿಡುವುದು ಬೆರಳೆಣಿಕೆಯಷ್ಟು ಸಲ. ಜೀವಕ್ಕೆ ಅಪಾಯವಿರುವ ಊರಿಗೆ ಯೇಸು ಹೊರಟಾಗ, ನಾವೂ ಹೋಗಿ ಸಾಯೋಣ ನಡೆಯಿರಿ ಎಂದು ಸಂಗಡಿಗರನ್ನು ಹೊರಡಿಸಿದವನು ಅವನು. ಕಡೆಯ ಭೋಜನದ ರಾತ್ರಿ, ನೀವು ಹೋಗುವ ಜಾಗವೇ ತಿಳಿಯದು, ಇನ್ನು ದಾರಿ ತಿಳಿಯುವುದು ಹೇಗೆ ಎಂದು ನೇರವಾಗಿ ಕೇಳಿದವನೂ ಅವನೇ. ಯೇಸು ಪುನರುತ್ಥಾನರಾದರು ಎಂದು ಉಳಿದವರು ಹೇಳಿದಾಗ, ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದ. ಲೋಕ ನೆನಪಿಟ್ಟುಕೊಂಡದ್ದು ಈ ಕೊನೆಯ ಮಾತನ್ನು ಮಾತ್ರ.

ಅದೇ ಅಧ್ಯಾಯದಲ್ಲಿ ನಾವು ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಎಂಟು ದಿನಗಳ ನಂತರ ಯೇಸು ಮತ್ತೆ ಬಂದಾಗ ತೋಮ ಆ ಗುಂಪಿನ ಜೊತೆಗೇ ಇದ್ದ. ನಂಬಿದವರು ನಂಬದವನನ್ನು ಹೊರಗೆ ಹಾಕಿರಲಿಲ್ಲ. ಅವನೂ ಮುನಿಸಿಕೊಂಡು ಹೋಗಿರಲಿಲ್ಲ. ಬಂದ ಗುರು ನಂಬಿಕೆ ದೊಡ್ಡದೆಂದು ಹೇಳಿದರು, ನಿಜ. ಆದರೆ ಅದಕ್ಕೂ ಮೊದಲು ಕೈ ಚಾಚಿ ಗಾಯ ತೋರಿಸಿದರು. ಕೇಳಿದವನಿಗೆ ಉತ್ತರ ಸಿಕ್ಕಿತು.

ಹಾಗಾದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರವಿಲ್ಲವೇ? ಇದೆ, ಚೆನ್ನಾಗಿಯೇ ಇದೆ. ಶಿಲುಬೆಯ ಮೇಲಿರುವುದು ಪಹ್ಲವಿ ಬರಹ, ಅಂದರೆ ಪ್ರಾಚೀನ ಪರ್ಷಿಯಾದ ಭಾಷೆ. ಅದು ತೋಮನ ಕಾಲಕ್ಕೆ ಎಷ್ಟೋ ಶತಮಾನ ಈಚಿನದು ಎಂಬುದು ವಿದ್ವಾಂಸರ ಅಭಿಪ್ರಾಯ. ಕೇರಳದ ಕೊಟ್ಟಾಯಂನ ಹಳೆಯ ಚರ್ಚಿನಲ್ಲೂ ಇಂಥದೇ ಶಿಲುಬೆಗಳಿವೆ. ಆದ್ದರಿಂದ ಇದನ್ನು ತೋಮ ಕೆತ್ತಿರಲಾರ. ಆದರೆ ಪೋರ್ಚುಗೀಸರು ಬರುವ ನೂರಾರು ವರ್ಷ ಮೊದಲೇ ಪರ್ಷಿಯಾದ ನಂಟಿದ್ದ ಕ್ರೈಸ್ತರು ಈ ತೀರದಲ್ಲಿ ಇದ್ದರು ಎಂಬುದಕ್ಕೆ ಅದು ಸಾಕ್ಷಿ. ಕ್ರೈಸ್ತ ಧರ್ಮ ಬಿಳಿಯರ ಹಡಗಿನಲ್ಲಿ ಬಂದದ್ದು ಎಂದು ಕಾಲೇಜಿನಲ್ಲಿ ಗೆಳೆಯರು ಹಂಗಿಸಿದಾಗ, ಆ ಹುಡುಗಿಗೆ ರಕ್ತ ಒಸರಿದ ಕಥೆಗಿಂತ ಈ ಉತ್ತರವೇ ಹೆಚ್ಚು ಬಲ ಕೊಡುತ್ತಿತ್ತು. ನಾವು ಅದನ್ನು ಕೊಡಲಿಲ್ಲ.

ಮಧ್ಯಾಹ್ನ ಸಾಂತೋಮ್ ತಲುಪಿದೆವು. ಸಮುದ್ರದ ಪಕ್ಕದ ಈ ಬಿಳಿಯ ಚರ್ಚು ಈಗಿನ ರೂಪದಲ್ಲಿ ಎದ್ದದ್ದು 1896ರಲ್ಲಿ. 1956ರಲ್ಲಿ ಬಸಿಲಿಕ ಎಂಬ ಗೌರವ ಪಡೆಯಿತು. ಎರಡನೇ ಜಾನ್ ಪಾಲ್ ಪೋಪರು 1986ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದು ಪ್ರಾರ್ಥಿಸಿದ್ದರು. ನೆಲಮಾಳಿಗೆಯಲ್ಲಿ ತೋಮನ ಸಮಾಧಿ. ಅಲ್ಲಿಯೂ ಒಬ್ಬ ಹುಡುಗ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಂಕಲ್, ಇದರೊಳಗೆ ನಿಜವಾಗ್ಲೂ ಅವರಿದ್ದಾರಾ?" ಬೆಳಿಗ್ಗೆ ನಡೆದದ್ದನ್ನು ನೋಡಿ ಮೇಷ್ಟ್ರ ಹತ್ತಿರ ಕೇಳುವ ಧೈರ್ಯ ಅವನಿಗಿರಲಿಲ್ಲ.

ನಾನು ಹೀಗೆ ಹೇಳಬಹುದಿತ್ತು. ತೋಮ ಕ್ರಿ.ಶ. 52ರಲ್ಲಿ ಕೇರಳದ ಕೊಡುಂಗಲ್ಲೂರಿನ ಬಳಿ ಬಂದಿಳಿದು, 72ರಲ್ಲಿ ಈ ಬೆಟ್ಟದ ಮೇಲೆ ಈಟಿಯ ಇರಿತಕ್ಕೆ ಬಲಿಯಾದ ಎಂಬುದು ಪರಂಪರೆ. ಬೈಬಲಿನಲ್ಲಿ ಇದಿಲ್ಲ. ಮೂರನೆಯ ಶತಮಾನದ ಸುಮಾರಿಗೆ ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ 'ತೋಮನ ಚರಿತೆ' ಎಂಬ ಗ್ರಂಥ ಅವನನ್ನು ಭಾರತಕ್ಕೆ ಕರೆತರುತ್ತದೆ. ಅದರಲ್ಲಿ ಬರುವ ಗೊಂಡೊಫಾರಿಸ್ ಎಂಬ ರಾಜ ಬರೀ ಕಟ್ಟುಕಥೆ ಎಂದುಕೊಂಡಿದ್ದವರಿಗೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ಹೆಸರಿನ ನಾಣ್ಯಗಳು ಸಿಕ್ಕಿದವು. ಆದರೆ ಅವನು ಆಳಿದ್ದು ತಕ್ಷಶಿಲೆಯ ಕಡೆ, ತಮಿಳು ನಾಡನ್ನಲ್ಲ. ತೋಮನ ಅಸ್ಥಿಗಳು ಬಹಳ ಹಿಂದೆಯೇ ಎಡೆಸ್ಸಾ ನಗರಕ್ಕೆ ಹೋದವೆಂದೂ, 1258ರಲ್ಲಿ ಇಟಲಿಯ ಒರ್ತೋನಾ ಸೇರಿದವೆಂದೂ ಚರ್ಚಿನ ಪರಂಪರೆಯೇ ಹೇಳುತ್ತದೆ. ಇಲ್ಲಿ ಉಳಿದಿರುವುದು ಸಮಾಧಿಯ ಜಾಗ ಮತ್ತು ಒಂದು ಸಣ್ಣ ಅವಶೇಷ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಈ ಸಮಾಧಿಯ ಬಗ್ಗೆ ಬರೆದಿದ್ದಾನೆ. ಕ್ರೈಸ್ತರ ಜೊತೆ ಮುಸ್ಲಿಮರೂ ಇಲ್ಲಿಗೆ ಯಾತ್ರೆ ಬರುತ್ತಿದ್ದರಂತೆ.

ಇಷ್ಟು ಹೇಳಿದ್ದರೆ ಆ ಹುಡುಗನ ನಂಬಿಕೆ ಕುಸಿಯುತ್ತಿತ್ತೇ? ನನಗೆ ಹಾಗೆ ಅನಿಸುವುದಿಲ್ಲ. 2006ರ ಸೆಪ್ಟೆಂಬರಿನಲ್ಲಿ ಹದಿನಾರನೇ ಬೆನೆಡಿಕ್ಟ್ ಪೋಪರೇ ತಮ್ಮ ಉಪನ್ಯಾಸವೊಂದರಲ್ಲಿ, ತೋಮ ಬಂದದ್ದು ಭಾರತದ ಪಶ್ಚಿಮ ಭಾಗಕ್ಕೆ, ದಕ್ಷಿಣಕ್ಕೆ ಧರ್ಮ ಅಲ್ಲಿಂದ ಹರಡಿತು ಎಂಬ ಅರ್ಥ ಬರುವಂತೆ ಮಾತನಾಡಿದ್ದರು. ಕೇರಳದಲ್ಲಿ ದೊಡ್ಡ ಚರ್ಚೆಯಾಯಿತು, ವ್ಯಾಟಿಕನ್ ಆ ವಾಕ್ಯವನ್ನು ತಿದ್ದಿತು. ಪೋಪರ ಮಾತನ್ನೇ ಪ್ರಶ್ನಿಸಿದವರು ಯಾರೂ ಚರ್ಚು ಬಿಟ್ಟು ಹೋಗಲಿಲ್ಲ.

ಇನ್ನೂ ಕಷ್ಟದ ಪ್ರಶ್ನೆಗಳಿವೆ. ನಮ್ಮ ಆಫೀಸಿನ ಹಿರಿಯರೊಬ್ಬರು, ಮೈಲಾಪುರದವರು, ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದ್ದರು: ಕಪಾಲೀಶ್ವರ ದೇವಸ್ಥಾನ ಮೊದಲು ಸಮುದ್ರದ ದಡದಲ್ಲಿತ್ತು, ಪೋರ್ಚುಗೀಸರು ಅದನ್ನು ಕೆಡವಿದರು ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಹಳೆಯ ದೇವಸ್ಥಾನ ದಡದಲ್ಲಿತ್ತು, ಈಗಿನದು ಆಮೇಲೆ ಕಟ್ಟಿದ್ದು ಎಂಬುದನ್ನು ಚರಿತ್ರೆಕಾರರು ಒಪ್ಪುತ್ತಾರೆ. ದೇವಸ್ಥಾನದ ಶಾಸನಗಳ ತುಂಡುಗಳು ಸಾಂತೋಮ್ ಸುತ್ತ ಸಿಕ್ಕಿವೆ. ಅಂದು ನಾನು ಮಾತು ಮರೆಸಿ ಕಾಫಿ ತರಲು ಎದ್ದೆ. ಆದರೆ ನಾಳೆ ಈ ಮಕ್ಕಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ, ಅದೂ ಮೊಬೈಲಿನಲ್ಲಿ, ಬೈಗುಳದ ಭಾಷೆಯಲ್ಲಿ. ಪೋರ್ಚುಗೀಸರು ಮಾಡಿದ್ದನ್ನು ಮಾಡಿದರು ಎಂದು ಒಪ್ಪಿಕೊಳ್ಳಲು ತೋಮನನ್ನು ಬಿಟ್ಟುಕೊಡಬೇಕಾಗಿಲ್ಲ. ಹೀಗೆಂದು ಹೇಳಿಕೊಡುವವರು ನಾವಲ್ಲದೆ ಇನ್ಯಾರು?

ಪರಂಗಿಮಲೆಗೆ ಇನ್ನೊಂದು ಚರಿತ್ರೆಯೂ ಇದೆ, ಅದು ನೇರವಾಗಿ ಕರ್ನಾಟಕಕ್ಕೆ ಬರುತ್ತದೆ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಈ ಬೆಟ್ಟದ ಬಳಿಯ ಬಯಲಿನಲ್ಲಿ ಸರಪಳಿ ಹಾಸಿ ಏಳೂವರೆ ಮೈಲಿ ಉದ್ದದ ಗೆರೆಯೊಂದನ್ನು ಅಳೆಯಲು ಶುರುಮಾಡಿದ. ಭಾರತದ ಮಹಾ ತ್ರಿಕೋನಮಿತಿ ಸರ್ವೆ ಆರಂಭವಾದದ್ದು ಹೀಗೆ. ತ್ರಿಕೋನಗಳ ಲೆಕ್ಕ ಹಿಡಿದು ಪಶ್ಚಿಮಕ್ಕೆ ಸಾಗಿದ ಸರ್ವೆ, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ನೆಲದ ಮೇಲೆ ಅಳೆದು ತಾಳೆ ನೋಡಿತು. ವ್ಯತ್ಯಾಸ ಬಂದದ್ದು ಕೆಲವೇ ಅಂಗುಲ. ಲೆಕ್ಕವನ್ನು ನಂಬಿದವರೂ ಒಮ್ಮೆ ಅಳೆದು ನೋಡಿದರು. ಮುಟ್ಟಿ ನೋಡುತ್ತೇನೆ ಎಂದವನ ಹೆಸರಿನ ಬೆಟ್ಟದಿಂದ ಶುರುವಾದ ಕೆಲಸ ಅದು. ವಿಜ್ಞಾನ ಓದುವ ಮಕ್ಕಳಿಗೆ ಇದನ್ನು ಹೇಳದೆ ಬರೀ ಸೆಲ್ಫಿ ತೆಗೆಸಿ ಇಳಿಸಿದೆವು.

ನಾನು ಇಷ್ಟು ಕಳವಳದಿಂದ ಬರೆಯುವುದಕ್ಕೆ ಕಾರಣ ನನ್ನ ಮನೆಯಲ್ಲೇ ಇದೆ. ನನ್ನ ಮಗನಿಗೆ ಹದಿನೈದು ವರ್ಷ. ಒಂದು ವರ್ಷದಿಂದ ಭಾನುವಾರದ ಪೂಜೆಗೆ ಬರುತ್ತಿಲ್ಲ. ಬಯ್ದೆ, ಅವನಮ್ಮ ಅತ್ತಳು, ಜಗ್ಗಲಿಲ್ಲ. ಯಾತ್ರೆಯ ತಂಡ ಊರಿಗೆ ಮರಳಿದ ರಾತ್ರಿ ಊಟಕ್ಕೆ ಕೂತಾಗ ಆ ಹುಡುಗಿಯ ವಿಷಯ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ, "ನಂಗೂ ಅಷ್ಟೇ ಅಪ್ಪ. ಕೇಳಿದ್ದಕ್ಕೆ ಕ್ಲಾಸಿಂದ ಆಚೆ ನಿಲ್ಸಿದ್ರು. ಆಮೇಲೆ ಕೇಳೋದೇ ಬಿಟ್ಟೆ" ಅಂದ. ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಕೇಳುವುದನ್ನು ಬಿಟ್ಟ ಮಕ್ಕಳು ನಂಬಿಕೆಯಲ್ಲಿ ಗಟ್ಟಿಯಾದರು ಎಂದು ನಾವು ತಿಳಿಯುತ್ತೇವೆ. ಅವರು ಸದ್ದಿಲ್ಲದೆ ಎದ್ದು ಹೋಗಿರುತ್ತಾರೆ.

ಮೇಷ್ಟ್ರನ್ನು ನಾನು ದೂರುವುದಿಲ್ಲ. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿ, ಇಪ್ಪತ್ತಾರು ಮಕ್ಕಳನ್ನು ಜೋಪಾನವಾಗಿ ಕರೆತಂದು ವಾಪಸು ಮುಟ್ಟಿಸಿದವರು ಅವರು. ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆಂದು ಅವರಿಗೂ ಯಾರೂ ಕಲಿಸಿರಲಿಲ್ಲ, ನನಗೂ ಕಲಿಸಿರಲಿಲ್ಲ.

ಆದ್ದರಿಂದ ಮಕ್ಕಳನ್ನು ಚೆನ್ನೈಗೆ ಕರೆತರುವವರಿಗೆ ನನ್ನ ವಿನಂತಿ ಇಷ್ಟೇ. ಒಂದೇ ದಿನದಲ್ಲಿ ಮೂರೂ ಜಾಗ ಮುಗಿಸುವ ಅವಸರ ಬೇಡ, ಎರಡು ದಿನ ಇಟ್ಟುಕೊಳ್ಳಿ. ವ್ಯಾನೂ ಬೇಕಾಗಿಲ್ಲ. ಲಿಟಲ್ ಮೌಂಟ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಆಲಂದೂರಿನಲ್ಲಿ ಬದಲಾಯಿಸಿದರೆ ಸೇಂಟ್ ಥಾಮಸ್ ಮೌಂಟ್ ಸಿಗುತ್ತದೆ. ಬೈಬಲ್ ಹೇಳಿದ್ದು ಎಷ್ಟು, ಪರಂಪರೆ ಹೇಳಿದ್ದು ಎಷ್ಟು, ಚರಿತ್ರೆಗೆ ಸಿಕ್ಕಿದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳಿ. ಮೂರಕ್ಕೂ ಅದರದೇ ಬೆಲೆ ಇದೆ. ಸಾಂತೋಮ್‌ನಿಂದ ಸ್ವಲ್ಪ ದೂರದಲ್ಲೇ ಇರುವ ಕಪಾಲೀಶ್ವರ ದೇವಸ್ಥಾನದ ಬೀದಿಗಳನ್ನೂ ತೋರಿಸಿ. ಸಂಜೆ ಒಂದು ಗಂಟೆ ಬರೀ ಪ್ರಶ್ನೆಗಳಿಗೆಂದು ಬಿಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ಚೆನ್ನೈಯಲ್ಲಿರುವ ಕನ್ನಡಿಗರು, ಯಾವ ಧರ್ಮದವರೇ ಆಗಲಿ, ಇಂಥ ತಂಡಗಳಿಗೆ ಕನ್ನಡದಲ್ಲಿ ಊರು ತೋರಿಸಲು ಅರ್ಧ ದಿನ ಕೊಟ್ಟರೆ ದೊಡ್ಡ ಉಪಕಾರ. ನಾನಂತೂ ಸಿದ್ಧ.

ಹೋದ ತಿಂಗಳು ಊರಿನಿಂದ ಆ ಹುಡುಗಿಯ ನಂಬರ್ ತರಿಸಿಕೊಂಡು ಫೋನ್ ಮಾಡಿದೆ. ಪಹ್ಲವಿ ಲಿಪಿಯ ವಿಷಯ ಹೇಳಿ, ಅಂದು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರ್ವಾಗಿಲ್ಲ ಅಂಕಲ್, ಆದ್ರೆ ಇನ್ನೊಂದು ಡೌಟಿದೆ" ಅಂದಳು. ಮುಕ್ಕಾಲು ಗಂಟೆ ಮಾತಾಡಿದೆವು. ಪಕ್ಕದಲ್ಲಿ ಕೂತಿದ್ದ ಮಗ ಮೊಬೈಲು ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದ. ಮುಂದಿನ ಭಾನುವಾರ ಅವನು ಚರ್ಚಿಗೇನೂ ಬರಲಿಲ್ಲ. ಸಂಜೆ ಮಾತ್ರ, ಬೆಟ್ಟ ಹತ್ತಿ ಬರೋಣ್ವಾ ಅಪ್ಪ ಎಂದು ಅವನೇ ಕರೆದ. ಇಬ್ಬರೂ ಹೋಗಿ ಬಂದೆವು.