ಇಎಂಐ ಗೊತ್ತು, ಉಳಿದದ್ದು?

ದೀಪಾವಳಿಗೆ ಊರಿಗೆ ಬಂದ ದೊಡ್ಡಪ್ಪನ ಮಗ ಮೊಬೈಲ್ ತೆಗೆದು ಒಂದು ಫ್ಲ್ಯಾಟಿನ ನಕ್ಷೆ ತೋರಿಸಿದ. ಆನೇಕಲ್ ಕಡೆ, ಎರಡು ಬೆಡ್‌ರೂಮು, ಇನ್ನೂ ಕಟ್ಟುತ್ತಿದ್ದಾರೆ, ಬೆಲೆ 60 ಲಕ್ಷ. ಅಣ್ಣನಿಗೆ 25 ವರ್ಷ, ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆ. ತಾನು ಪಿಜಿಯಲ್ಲೇ ಇದ್ದು ಫ್ಲ್ಯಾಟನ್ನು ಬಾಡಿಗೆಗೆ ಕೊಡುತ್ತಾನಂತೆ. 'ರೆಪೋ ದರ ಇಳಿದಿದೆ, ಈಗ ಬಿಟ್ಟರೆ ಮತ್ತೆ ಸಿಗಲ್ಲ ಅಂತ ಸೇಲ್ಸ್‌ನವರು ಹೇಳಿದ್ರು' ಎಂದ. ಮನೆಯ ಹಿರಿಯರೆಲ್ಲ ಖುಷಿಪಟ್ಟರು. ನಮ್ಮಪ್ಪ ಮಾತ್ರ ಸುಮ್ಮನಿದ್ದರು. ಅದರ ಕಾರಣ ಆಮೇಲೆ ಹೇಳುತ್ತೇನೆ.

ಸೇಲ್ಸ್‌ನವರು ಹೇಳಿದ್ದು ಸುಳ್ಳಲ್ಲ. 2025ರ ಫೆಬ್ರುವರಿ ಆರಂಭದಲ್ಲಿ ಶೇ 6.5 ಇದ್ದ ರೆಪೋ ದರವನ್ನು ರಿಸರ್ವ್ ಬ್ಯಾಂಕ್ ಜೂನ್ ಹೊತ್ತಿಗೆ ಶೇ 5.5ಕ್ಕೆ ಇಳಿಸಿತು. 48 ಲಕ್ಷ ರೂಪಾಯಿಯ 20 ವರ್ಷದ ಸಾಲಕ್ಕೆ ಬಡ್ಡಿ ಶೇ 9ರಿಂದ ಶೇ 8ಕ್ಕೆ ಇಳಿದರೆ ತಿಂಗಳ ಕಂತು 43,187 ರೂಪಾಯಿಯಿಂದ 40,149 ರೂಪಾಯಿಗೆ ಬರುತ್ತದೆ. ಮೂರು ಸಾವಿರ ಉಳಿತಾಯ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಇದೊಂದೇ.

ಅದರಲ್ಲಿ ಕಾಣದ್ದನ್ನು ಅಣ್ಣನ ಜೊತೆ ಕೂತು ಎಕ್ಸೆಲ್‌ನಲ್ಲಿ ಹಾಕಿದೆವು. (ಗಣಿತದ ಪೇಪರ್ ಎರಡು ಸಲ ಬರೆದವನು ನಾನು, ಆದರೆ ಇದಕ್ಕೆ ಅಷ್ಟು ಗಣಿತ ಬೇಕಿಲ್ಲ.) 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿ ಮೌಲ್ಯದ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ 12 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಈ ಮೌಲ್ಯಕ್ಕೆ ಸೇರಿಸುವಂತಿಲ್ಲ, ಅದೂ ನಮ್ಮ ಜೇಬಿನದೇ. ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಕೂಡಿದರೆ ಸುಮಾರು ಶೇ 7.6, ಅಂದರೆ ನಾಲ್ಕೂವರೆ ಲಕ್ಷ ದಾಟುತ್ತದೆ. ಕಟ್ಟುತ್ತಿರುವ ಫ್ಲ್ಯಾಟ್ ಆದ್ದರಿಂದ ಶೇ 5ರ ಜಿಎಸ್‌ಟಿ 3 ಲಕ್ಷ ಬೇರೆ. ಒಟ್ಟು ಹತ್ತೊಂಬತ್ತೂವರೆ ಲಕ್ಷ! ಅಣ್ಣನ ಖಾತೆಯಲ್ಲಿರುವುದು ಐದು ಲಕ್ಷ. ಉಳಿದದ್ದು ಎಲ್ಲಿಂದ ಅಂತ ಕೇಳಿದರೆ, 'ಪರ್ಸನಲ್ ಲೋನ್, ಆಮೇಲೆ ಅಪ್ಪನ ಪಿಎಫ್' ಎಂದ. ದೊಡ್ಡಪ್ಪನಿಗೆ ಆ ಕ್ಷಣದವರೆಗೂ ಈ ವಿಷಯ ಗೊತ್ತಿರಲಿಲ್ಲ.

ಬಾಡಿಗೆ ಸಾಲ ತೀರಿಸುತ್ತದೆ ಎಂಬ ನಂಬಿಕೆಯೂ ಹೀಗೆಯೇ. ಅದೇ ರಸ್ತೆಯಲ್ಲಿ ಅಂಥ ಮನೆಗೆ ಈಗ 20 ಸಾವಿರ ಬಾಡಿಗೆ ಇದೆ ಎಂದು ಅವನೇ ವಿಚಾರಿಸಿದ್ದ. ನಿರ್ವಹಣಾ ವೆಚ್ಚ ಮೂರೂವರೆ ಸಾವಿರ ಕಳೆದರೆ ಉಳಿಯುವುದು 16,500. ಕಂತು 40,149. ತಿಂಗಳಿಗೆ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಸಂಬಳದಿಂದ ಹೋಗಬೇಕು, ಅದೂ ಕೀಲಿಕೈ ಸಿಕ್ಕ ಮೇಲೆ, ಮನೆ ಒಂದು ತಿಂಗಳೂ ಖಾಲಿ ಬೀಳದಿದ್ದರೆ. ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು ಎಂಟು ಸಾವಿರ ಚಿಲ್ಲರೆ, ಉಳಿದ 32 ಸಾವಿರ ಬಡ್ಡಿ. 'ತೆರಿಗೆ ಉಳಿಯುತ್ತಲ್ಲ' ಎಂದರು ಚಿಕ್ಕಪ್ಪ. ಅಣ್ಣ ಇರುವುದು ಹೊಸ ತೆರಿಗೆ ಪದ್ಧತಿಯಲ್ಲಿ. ಅಲ್ಲಿ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬಿಡುವುದಿಲ್ಲ.

ಇಳಿದ ಬಡ್ಡಿ ಮತ್ತೆ ಏರಬಹುದು ಎಂಬುದು ನಮ್ಮ ವಯಸ್ಸಿನವರಿಗೆ ಮರೆತೇಹೋಗಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೋ ದರ ಶೇ 4ರಿಂದ ಶೇ 6.5ಕ್ಕೆ ಏರಿತ್ತು. ಅದಕ್ಕೆ ಸ್ವಲ್ಪ ಮೊದಲು ಒಬ್ಬರು ಶೇ 6.75ರ ಬಡ್ಡಿಗೆ 40 ಲಕ್ಷ, 20 ವರ್ಷಕ್ಕೆ ತೆಗೆದುಕೊಂಡಿದ್ದರು ಎನ್ನೋಣ. ಕಂತು 30,414. ಬಡ್ಡಿ ಶೇ 9.25 ಆದಾಗ ತಿಂಗಳ ಬಡ್ಡಿಯೇ ಹೆಚ್ಚುಕಡಿಮೆ ಆ ಕಂತಿನಷ್ಟಾಗುತ್ತದೆ. ಎಷ್ಟು ಕಟ್ಟಿದರೂ ಸಾಲ ಕರಗುವುದೇ ಇಲ್ಲ. ಹಲವು ಬ್ಯಾಂಕುಗಳು ಕಂತು ಏರಿಸದೆ ಅವಧಿಯನ್ನು ಉದ್ದ ಮಾಡಿದವು. ಅವಧಿಯೋ ಕಂತೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಿ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಬೇಕಾಯಿತು.

ಇನ್ನು ಅಪ್ಪನ ಮೌನದ ವಿಷಯ. 2011ರಲ್ಲಿ ಅವರು ನಮ್ಮ ಊರಿನ ಹೊರಗೆ 30x40ರ ಒಂದು ರೆವಿನ್ಯೂ ಸೈಟು ತೆಗೆದುಕೊಂಡರು. ಭೂಪರಿವರ್ತನೆಯಾಗದ ಹೊಲ, ಕಲ್ಲು ನೆಟ್ಟು ಮಾಡಿದ ಬಡಾವಣೆ. ನನ್ನ ಎಂಜಿನಿಯರಿಂಗ್ ಶುಲ್ಕಕ್ಕೆ ಅದನ್ನು ಮಾರಲು ಹೊರಟಾಗ ಕೊಳ್ಳುವವರು ಬಂದರು, ಒಪ್ಪಿದರು, ಅವರ ಬ್ಯಾಂಕು ಒಪ್ಪಲಿಲ್ಲ. ಸರ್ಕಾರ 2025ರ ಆರಂಭದಲ್ಲಿ ಇಂಥ ಆಸ್ತಿಗಳಿಗೆ ಬಿ ಖಾತೆ ಕೊಡುವ ಅಭಿಯಾನ ನಡೆಸಿತು, ನಮಗೂ ಸಿಕ್ಕಿತು. ಆದರೆ ಬಿ ಖಾತೆಯಿಂದ ತೆರಿಗೆ ಕಟ್ಟಬಹುದೇ ಹೊರತು ಬಡಾವಣೆ ಸಕ್ರಮವಾಗುವುದಿಲ್ಲ. ನಗದು ಇರುವವರು ಮಾತ್ರ ಕೇಳುತ್ತಾರೆ, ಅವರು ಕೇಳುವ ಬೆಲೆಯೂ ಹಾಗೇ ಇರುತ್ತದೆ. ನನ್ನ ಶುಲ್ಕ ಈಗ ಶಿಕ್ಷಣ ಸಾಲದಲ್ಲಿದೆ.

ಹಾಗಾಗಿ ನಾನು ಅಣ್ಣನಿಗೆ ಕಂತಿಗಿಂತ ಕಾಗದದ ಬಗ್ಗೆಯೇ ಹೆಚ್ಚು ಕೇಳಿದೆ. ಯೋಜನೆ ರೇರಾದಲ್ಲಿ ನೋಂದಣಿಯಾಗಿದೆ, ಒಳ್ಳೆಯದು. ಆದರೆ ಬಿಲ್ಡರ್ ಬರೀ ಬುಕಿಂಗ್ ಫಾರ್ಮಿನ ಮೇಲೆ ಶೇ 20 ಕೇಳಿದ್ದರು. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಾರಾಟ ಕರಾರು ನೋಂದಣಿಯಾಗುವ ಮೊದಲು ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಎಂಜಿನಿಯರ್ ಆಗಿರುವ ಅಣ್ಣನಿಗೆ ಇದು ಗೊತ್ತಿರಲಿಲ್ಲ, ನನಗೂ ಹಿಂದಿನ ರಾತ್ರಿಯವರೆಗೆ ಗೊತ್ತಿರಲಿಲ್ಲ. ರೇರಾ ಪರಿಹಾರದ ಆದೇಶ ಕೊಟ್ಟರೂ ಬಿಲ್ಡರ್ ಕಟ್ಟದಿದ್ದರೆ ಅದನ್ನು ಭೂಕಂದಾಯ ಬಾಕಿಯಂತೆ ಜಿಲ್ಲಾಡಳಿತದ ಮೂಲಕ ವಸೂಲಿ ಮಾಡಬೇಕು. ಅಲ್ಲಿಯವರೆಗೆ ಕಂತು ನಿಲ್ಲುವುದಿಲ್ಲ.

ರಿಯಲ್ ಎಸ್ಟೇಟೇ ಬೇಕೆನ್ನುವವರಿಗೆ ರೀಟ್ ಇದೆ. ದೇಶದ ಮೊದಲ ರೀಟ್, ಬೆಂಗಳೂರಿನ ಎಂಬೆಸಿ, 2019ರಲ್ಲಿ ಷೇರುಪೇಟೆಗೆ ಬಂತು. ಕೆಲವೇ ನೂರು ರೂಪಾಯಿಯ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ವಿತರಿಸಬಹುದಾದ ಹಣದಲ್ಲಿ ಶೇ 90ನ್ನು ಹೂಡಿಕೆದಾರರಿಗೆ ಹಂಚಲೇಬೇಕು. ಬೆಲೆ ಬೀಳಲೂಬಹುದು, ಆದರೆ ಬೇಕಾದಾಗ ಮಾರಿ ಹೊರಬರಬಹುದು. ಇದನ್ನು ಹೇಳಿದಾಗ ಅಜ್ಜಿ, 'ಅದಕ್ಕೆ ಬಾಗಿಲು ಎಲ್ಲಿದೆ?' ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಅಣ್ಣ ಮರುದಿನ ಬಿಲ್ಡರ್‌ಗೆ, ಶೇ 10 ಕಟ್ಟುತ್ತೇನೆ, ಉಳಿದದ್ದು ಕರಾರು ನೋಂದಣಿಯಾದ ಮೇಲೆ ಎಂದು ಮೇಲ್ ಬರೆದ. ಅದಕ್ಕೆ ಉತ್ತರ ಬಂದಿಲ್ಲ. ಆಫರ್ ಈ ಭಾನುವಾರಕ್ಕೆ ಮುಗಿಯುತ್ತದೆ ಎಂಬ ಕರೆ ಮಾತ್ರ ದಿನಕ್ಕೆರಡು ಸಲ ಬರುತ್ತಿದೆ.