ನಾಯಿಮರಿ ತರುವ ಮುನ್ನ

ನಾಯಿ ಸಾಕಬೇಕೆಂಬ ಮಕ್ಕಳ ಹಟ ದುಬೈ, ಅಬುಧಾಬಿಯ ಫ್ಲ್ಯಾಟುಗಳಲ್ಲೂ ಇದ್ದದ್ದೇ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ, "ಕೂದಲುದುರದ ತಳಿ ತನ್ನಿ, ಏನೂ ಆಗದು" ಎಂಬ ಸಲಹೆ ಸಿದ್ಧವಾಗಿರುತ್ತದೆ. ಈ ಮಾತನ್ನು ನಾವು ಕಣ್ಣು ಮುಚ್ಚಿ ನಂಬಬಾರದು.

ಅಲರ್ಜಿಗೆ ಮೂಲ ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರಗಳಲ್ಲಿರುವ ಪ್ರೋಟೀನುಗಳು. ಇವು ಇಲ್ಲದ ತಳಿಯಿಲ್ಲ. ಲ್ಯಾಬ್ರಡೂಡಲ್, ಪೂಡಲ್ ಮುಂತಾದ 'ಅಲರ್ಜಿರಹಿತ' ನಾಯಿಗಳ ಕೂದಲಲ್ಲೇ ಇಂಥ ಪ್ರೋಟೀನು ಹೆಚ್ಚಿರುವುದನ್ನು 2012ರ ಡಚ್ ಅಧ್ಯಯನವೊಂದು ತೋರಿಸಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ನಮ್ಮ ಮುಧೋಳ ನಾಯಿಯ ಕೂದಲು ಗಿಡ್ಡವಾದರೂ ಅದೂ ಇದಕ್ಕೆ ಹೊರತಲ್ಲ.

ಸದಾ ಎ.ಸಿ. ಓಡುವ, ಕಿಟಕಿ ಮುಚ್ಚಿದ ಇಲ್ಲಿನ ಮನೆಗಳಲ್ಲಿ ಹೊಟ್ಟು ಕಾರ್ಪೆಟ್ಟಿನಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ವೈದ್ಯರಲ್ಲಿ ಅಲರ್ಜಿ ಪರೀಕ್ಷೆ, ಬಳಿಕ ಆರಿಸಿದ ನಾಯಿಯೊಡನೆ ಹಲವು ದಿನಗಳ ಒಡನಾಟ, ಆಮೇಲೆ ನಿರ್ಧಾರ. ತಂದ ಮೇಲೆ ಮಲಗುವ ಕೋಣೆಗೆ ಅದನ್ನು ಬಿಡಬಾರದು. ಮನೆಮದ್ದೆಂದು ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಲೂ ಬಾರದು. ನಾಯಿಗೆ ಅವು ವಿಷ.

ಲಸಿಕೆ, ಮೈಕ್ರೋಚಿಪ್, ನೋಂದಣಿ ಮಾಡಿಸಿದರೆ ಕಾನೂನಿನ ಕರ್ತವ್ಯ ಮುಗಿಯಬಹುದು. ನಮ್ಮ ಹೊಣೆ ಮುಗಿಯದು. ಸೀನು ಬಂತೆಂದೋ, ರಜೆಗೆ ಊರಿಗೆ ಹೊರಟೆವೆಂದೋ ಬೀದಿಗೆ ಬಿಡಲು ಅದು ಆಟಿಕೆಯಲ್ಲ. ಹತ್ತು ಹನ್ನೆರಡು ವರ್ಷ ಸಾಕಲಾಗದಿದ್ದರೆ, ಮಕ್ಕಳೇ, ಇಂದೇ ಬೇಡವೆನ್ನುವುದೂ ಪ್ರಾಣಿದಯೆಯೇ.