ಡಿಸೆಂಬರ್ ಸೂರ್ಯೋದಯಕ್ಕೆ ನಿಲಸ್ಕಲ್ಲಿನ ದಾರಿ: ಒಂದು ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ

ವಿಷಯ: ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಯ ನಿಲುವುಗಲ್ಲುಗಳ ಬಳಿ ಸೂರ್ಯೋದಯ ನೋಡಲು ಶಾಲಾ ಮಕ್ಕಳಿಗೆ ಅನುಕೂಲ ಕಲ್ಪಿಸುವ ಹಾಗೂ ಹಳ್ಳೂರಿನ ಪ್ರಾಚೀನ ನೆಲೆಯನ್ನು ಕಾಪಾಡುವ ಕುರಿತು.

ಮಾನ್ಯರೇ,

ನಾವು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪ್ರೌಢಶಾಲಾ ಶಿಕ್ಷಕರು ಮತ್ತು ಪಾಲಕರು. ಕಳೆದ ಡಿಸೆಂಬರ್ 22ರ ನಸುಕಿನಲ್ಲಿ ಮೂರೂ ತಾಲ್ಲೂಕಿನ ಮಕ್ಕಳನ್ನು ಕರೆದುಕೊಂಡು ನಿಲಸ್ಕಲ್ಲಿಗೆ ಹೋಗಿದ್ದೆವು. ಕತ್ತಲಲ್ಲಿ ದಾರಿ ತಪ್ಪಿತು. ಮೊಬೈಲ್ ಬೆಳಕು ಹಿಡಿದು ಅಲೆದು ಕಲ್ಲುಗಳ ಬಳಿ ಮುಟ್ಟುವಷ್ಟರಲ್ಲಿ ಹೊತ್ತು ಮಾರುದ್ದ ಏರಿತ್ತು. ಇಬ್ಬನಿಯಲ್ಲಿ ತೊಯ್ದ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ನಿಂತ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸರ್, ಸತ್ತವ್ರಿಗೆ ಸೂರ್ಯ ಯಾಕ್ ಬೇಕಿತ್ರಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಊರಿಗೆ ಬಂದೆವು. ಈ ಮನವಿ ಅಲ್ಲಿಂದಲೇ ಹುಟ್ಟಿದ್ದು.

ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗೆ ನೆಟ್ಟವೆಂದು ವಿದ್ವಾಂಸರು ಹೇಳುವ ಕಲ್ಲುಗಳಿವು. ಸಂಶೋಧಕರಾದ ಶ್ರೀಕುಮಾರ್ ಮೆನನ್ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಇವುಗಳನ್ನು ಅಳೆದು ನೋಡಿದರು. ಕೆಲವು ಜೋಡಿಗಲ್ಲುಗಳನ್ನು ಸೇರಿಸುವ ಗೆರೆ ಉತ್ತರಾಯಣ, ದಕ್ಷಿಣಾಯನಗಳ ತಿರುವಿನ ದಿನ ಸೂರ್ಯ ಮೂಡುವ, ಮುಳುಗುವ ಕಡೆಗೇ ತಿರುಗಿರುವುದು ಅವರಿಗೆ ಕಂಡಿತು. ಮಕ್ಕಳು ಸಂಕ್ರಾಂತಿಯೆಂದರೆ ಜನವರಿ 14 ಅಥವಾ 15 ಎಂದೇ ಬಲ್ಲರು. ಆದರೆ ಸೂರ್ಯ ಆಕಾಶದಲ್ಲಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ರಂದು. ಆ ದಿನ ನಮ್ಮ ಸೀಮೆಯಲ್ಲಿ ಅವನು ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಕರಿಹಲಗೆಯ ಮೇಲೆ ಕೋನ ಬರೆದು ತೋರಿಸುವುದು ಸುಲಭ. ಆದರೆ ಎರಡು ಕಲ್ಲುಗಳ ಸಾಲಿನ ತುದಿಯಲ್ಲಿ ಕೆಂಪು ಬಿಂಬ ಏಳುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ.

ದಿಕ್ಕಿನ ಮಾತು ನಮ್ಮ ಮಕ್ಕಳಿಗೆ ಹೊಸದಲ್ಲ. ಹಾವೇರಿಯ ಪುರಸಿದ್ಧೇಶ್ವರ ದೇವಾಲಯ ಚಾಲುಕ್ಯ ಗುಡಿಗಳ ರೂಢಿಗೆ ವಿರುದ್ಧವಾಗಿ ಪಶ್ಚಿಮಕ್ಕೆ ಮುಖ ಮಾಡಿದೆ; ಯಾಕೆಂದು ಅವರು ಮೊದಲೇ ಕೇಳುತ್ತಿದ್ದವರು.

ಕಲ್ಲುಗಳ ಸಾಲಿನಲ್ಲಿ ಸೂರ್ಯ ಏಳುವುದನ್ನು ಅವರು ಕಣ್ಣಾರೆ ಕಾಣಲೆಂದೇ ನಮ್ಮ ಮುಖ್ಯ ಬೇಡಿಕೆ ಡಿಸೆಂಬರ್ ತಿಂಗಳಿನದು. ಇನ್ನೊಂದು ತಿರುವಿನ ದಿನವಾದ ಜೂನ್ 21ಕ್ಕೆ ಮಲೆನಾಡಿನಲ್ಲಿ ಮುಂಗಾರು ಮಳೆ ಹಿಡಿದಿರುತ್ತದೆ, ಸೂರ್ಯೋದಯದ ಮಾತು ದೂರ. ಡಿಸೆಂಬರ್‌ನಲ್ಲೂ ಮಂಜು ಕವಿಯಬಹುದು. ಅದಕ್ಕೇ ಒಂದೇ ದಿನ ಸಾಲದು, 20ರಿಂದ 23ರವರೆಗೆ ನಾಲ್ಕು ಬೆಳಗು ಬೇಕು. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಜಾಗ ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲ, ಯಾವ ಬೆಳಗು ತಿಳಿಯಾಗಿದ್ದರೂ ಸಾಕು. ಆ ನಾಲ್ಕೂ ದಿನ ಬೆಳಗಿನ 5 ಗಂಟೆಗೆ ಕಲ್ಲುಗಳ ಬಳಿ ಇಲಾಖೆಯ ಒಬ್ಬ ಸಿಬ್ಬಂದಿ ಇರಬೇಕು. ರಸ್ತೆಯಿಂದ ಕಲ್ಲಿನವರೆಗೆ ಕತ್ತಲಲ್ಲೂ ಕಾಣುವ ಗುರುತು ಬೇಕು. ಯಾವ ಕಲ್ಲಿನ ಹಿಂದೆ ನಿಂತು ಯಾವ ಕಲ್ಲಿನತ್ತ ನೋಡಬೇಕು ಎಂಬುದನ್ನು ನೆಲದ ಮೇಲೆ ಸುಣ್ಣದ ಗೆರೆಯಲ್ಲಿ ತೋರಿಸಿದರೆ ಸಾಕು. ಕಲ್ಲಿನ ಮೇಲೆ ಬಣ್ಣ ಮಾತ್ರ ಬೇಡ. ಶಾಲಾ ಪ್ರವಾಸದ ಮಕ್ಕಳಿಗೆ ಹಿಂದಿನ ರಾತ್ರಿ ಹೊಸನಗರದ ಸರ್ಕಾರಿ ವಸತಿನಿಲಯದಲ್ಲಿ ತಂಗಲು ಅನುಮತಿ ಸಿಗುವಂತೆ ಸಂಬಂಧಪಟ್ಟ ಇಲಾಖೆಗೆ ಬರೆಯಬೇಕೆಂದೂ ಕೋರುತ್ತೇವೆ.

ಇನ್ನು ಈ ಕಲ್ಲುಗಳನ್ನು ಕಾಪಾಡುವ ಮಾತು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಸುಮಾರು 400 ಶಿಲಾ ಗೋರಿಗಳಿವೆ. ಜನ ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಆ ನೆಲೆ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು, ನಮಗೆ ಸಂತೋಷವಿದೆ. ನಿಲಸ್ಕಲ್ಲಿನ ಕಲ್ಲುಗಳಿಗೆ ಅಂಥ ಹೆಸರಿಲ್ಲ. ಹೆಸರಿಲ್ಲದ ಕಲ್ಲು ಬೇಲಿಗೂ ಕಂಬವಾಗುತ್ತದೆ, ತೊಲೆಗೂ ಆಸರೆಯಾಗುತ್ತದೆ. ಸಾಲಿನ ಒಂದು ಕಲ್ಲು ಜರುಗಿದರೆ ಇಡೀ ಗೆರೆಯೇ ಕೆಟ್ಟಂತೆ, ಮತ್ತೆ ಊಹೆಯಿಂದ ನೆಡಲು ಬರುವುದಿಲ್ಲ. ಪ್ರತಿ ಕಲ್ಲಿನ ಸ್ಥಾನವನ್ನೂ ವಾಲಿದ ಕೋನವನ್ನೂ ಅಳೆದು ದಾಖಲಿಸಿ, ಸ್ಮಾರಕ ರಕ್ಷಣೆಯ 1961ರ ರಾಜ್ಯ ಕಾಯ್ದೆಯ ಅಡಿಯಲ್ಲಿ ಒಂದೊಂದೇ ಕಲ್ಲಿಗಲ್ಲ, ಇಡೀ ಸಾಲಿಗೆ ಗಡಿ ಗುರುತಿಸಿ ಕಾಪಾಡಬೇಕು.

ಕೊನೆಯದಾಗಿ ನಮ್ಮದೇ ಜಿಲ್ಲೆಯ ಮಾತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ಸುಮಾರು 3000 ವರ್ಷ ಹಿಂದಿನ ಕಬ್ಬಿಣ ಸಿಕ್ಕಿತು; ದಕ್ಷಿಣ ಭಾರತದ ಅತ್ಯಂತ ಹಳೆಯ ಕಬ್ಬಿಣದ ನೆಲೆಗಳಲ್ಲಿ ಅದೂ ಒಂದು. ಹಿಟ್ಟಿನ ಗಿರಣಿಗೂ ಮೆಣಸಿನಕಾಯಿ ಮಾರುಕಟ್ಟೆಗೂ ಹೋಗಿ ಬರುವ ನಮ್ಮ ಮಕ್ಕಳಿಗೆ ಆ ಊರ ಹೆಸರು ಪಾಠದಲ್ಲಿ ಬಂದರೂ ನೋಡಿ ಗೊತ್ತಿಲ್ಲ. ಅಲ್ಲಿನ ದಿಬ್ಬಕ್ಕೆ ಗಡಿಕಲ್ಲು ಹಾಕಿಸಿ, ದೊರೆತ ವಸ್ತುಗಳ ಚಿತ್ರ ಮತ್ತು ಪ್ರತಿಕೃತಿಗಳನ್ನು ಹಾವೇರಿಯಲ್ಲಿ ಕಾಯಂ ಆಗಿ ಇಡುವ ವ್ಯವಸ್ಥೆಯಾಗಬೇಕು.

ಪ್ರವಾಸದ ಅನುಮತಿ, ಬಸ್ಸಿನ ಮುಂಗಡ, ಪಾಲಕರ ಒಪ್ಪಿಗೆ ಪತ್ರ ಎಲ್ಲವೂ ನವೆಂಬರ್ ಮೊದಲ ವಾರಕ್ಕೆ ಮುಗಿಯಬೇಕಾಗುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಯೊಳಗೆ ತಮ್ಮ ಉತ್ತರ ಬರುವಂತಾಗಲಿ ಎಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಶಿಕ್ಷಕರು ಹಾಗೂ ಪಾಲಕರು